ಎದೆಹಾಲು ಹಿಂಡಿ ಇಡುವುದು ಹೇಗೆ: ಮೊದಲ ಹನಿಯಿಂದ ಫ್ರೀಜರ್‌ವರೆಗೆ

ಹೆರಿಗೆಯಾದ ದಿನ ಎದೆಯಿಂದ ಹಿಂಡಿದರೆ ಸಿಗುವುದು ಹನಿಗಳ ಲೆಕ್ಕದಲ್ಲಿ. ಒಂದು ಸಲಕ್ಕೆ ಅರ್ಧ ಚಮಚ, ಹೆಚ್ಚೆಂದರೆ ಒಂದು ಚಮಚ. ಹಳದಿ ಬಣ್ಣ, ಅಂಟಂಟು. ಇದನ್ನು ನೋಡಿ "ಹಾಲೇ ಬಂದಿಲ್ಲ" ಎಂದು ಮನೆಯವರೆಲ್ಲ ಗಾಬರಿಯಾಗಿ ಪುಡಿಹಾಲಿನ ಡಬ್ಬ ತರಿಸಿಬಿಡುತ್ತಾರೆ. ಆದರೆ ತಿಂಗಳು ತುಂಬಿ ಹುಟ್ಟಿದ ಮಗು ಮೊದಲ 24 ಗಂಟೆಯಲ್ಲಿ ಒಂದು ಸಲಕ್ಕೆ ಕುಡಿಯುವುದೇ 2ರಿಂದ 10 ಮಿ.ಲೀ. ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30, ನಾಲ್ಕನೇ ದಿನ 30ರಿಂದ 60 ಮಿ.ಲೀ. ಮಗುವಿನ ಹೊಟ್ಟೆ ಹಿಗ್ಗುವುದೂ ತಾಯಿಯ ಹಾಲು ಏರುವುದೂ ಜೊತೆಜೊತೆಗೇ ನಡೆಯುತ್ತವೆ. ಈ ಲೆಕ್ಕ ಗೊತ್ತಿದ್ದರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಎಲ್ಲ ತಾಯಂದಿರೂ ಹಾಲು ಹಿಂಡಬೇಕಾಗಿಲ್ಲ. ಮಗು ಚೆನ್ನಾಗಿ ಎದೆ ಕಚ್ಚಿ ಕುಡಿಯುತ್ತಿದ್ದರೆ ಮೊದಲ ನಾಲ್ಕಾರು ವಾರ ಪಂಪಿನ ಗೊಡವೆಯೇ ಬೇಡ. ಹಿಂಡಲೇಬೇಕಾದ ಸಂದರ್ಭಗಳು ಬೇರೆ. ಮಗು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇರುವುದು, 34 ವಾರಕ್ಕೆ ಮುಂಚೆ ಹುಟ್ಟಿ ಚೀಪುವುದು, ನುಂಗುವುದು, ಉಸಿರಾಡುವುದು ಒಂದಕ್ಕೊಂದು ಹೊಂದದಿರುವುದು, ಕಾಮಾಲೆಯಿಂದಾಗಿ ಎಬ್ಬಿಸಿದರೂ ಏಳದೆ ನಿದ್ದೆ ಮಾಡುವುದು, ಎದೆ ಕಲ್ಲಿನಂತಾಗಿ ಮಗುವಿನ ಬಾಯಿಗೆ ಸಿಗದಿರುವುದು, ಅಥವಾ ಕೆಲಸಕ್ಕೆ ಮರಳುವ ದಿನ ಹತ್ತಿರ ಬಂದಿರುವುದು.

ಮಗು ತಾಯಿಯಿಂದ ದೂರವಿದ್ದರೆ ಸಾಧ್ಯವಾದಷ್ಟೂ ಮೊದಲ ಗಂಟೆಯಲ್ಲೇ, ತಡವೆಂದರೆ 6 ಗಂಟೆಯೊಳಗೆ ಹಿಂಡಲು ಶುರುಮಾಡಬೇಕು. ಆಮೇಲೆ ದಿನಕ್ಕೆ 8ರಿಂದ 12 ಸಲ. ರಾತ್ರಿಯ ಒಂದು ಸರದಿಯನ್ನಂತೂ ಬಿಡಬೇಡಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತು ಹೆಚ್ಚಿರುತ್ತದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಅಡುಗೆ ಬಾಣಂತಿಗೆ ಇಷ್ಟವಾದರೆ ಧಾರಾಳವಾಗಿ ಬಡಿಸಿ. ಆದರೆ ಹಾಲು ಹೆಚ್ಚುವುದು ಎದೆ ಖಾಲಿಯಾದಂತೆಲ್ಲ ಎಂಬುದನ್ನು ಮರೆಯಬೇಡಿ. ನೀರು ಕುಡಿದರೆ ಮಗುವಿಗೆ ಶೀತವಾಗುತ್ತದೆಂದು ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನು ಮಾತ್ರ ಕೈಬಿಡಲೇಬೇಕು. ಬಾಯಾರಿದಷ್ಟು ಕುಡಿಯಲಿ.

ಕೈಯಿಂದ ಹಿಂಡುವುದು

ಮೊದಲ ಎರಡು ಮೂರು ದಿನಕ್ಕೆ ಪಂಪಿಗಿಂತ ಕೈಯೇ ವಾಸಿ. ಹಳದಿ ಹಾಲು ಗಟ್ಟಿ, ಪ್ರಮಾಣ ಕಡಿಮೆ. ಪಂಪಿನಲ್ಲಿ ತೆಗೆದರೆ ಅದರಲ್ಲಿ ಸಾಕಷ್ಟು ಪಂಪಿನ ಕಪ್‌ನ ಗೋಡೆಗೇ ಅಂಟಿಕೊಂಡು ಬಾಟಲಿಗೆ ಇಳಿಯುವುದೇ ಇಲ್ಲ.

1. ಕೈಗಳನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆಯಿರಿ. ಉಗುರು ಗಿಡ್ಡವಾಗಿರಲಿ, ಉಂಗುರ ತೆಗೆದಿಡಿ. ಎದೆಯನ್ನು ಪ್ರತಿ ಸಲ ಸೋಪಿನಿಂದ ತೊಳೆಯಬೇಡಿ, ತೊಟ್ಟು ಒಣಗಿ ಬಿರಿಯುತ್ತದೆ. ದಿನದ ಸ್ನಾನವೇ ಸಾಕು.

2. ಬೆನ್ನಿಗೆ ಆಸರೆ ಇಟ್ಟು ಕೂತು ಸ್ವಲ್ಪ ಮುಂದಕ್ಕೆ ಬಾಗಿ. ಸಿಸೇರಿಯನ್ ಆಗಿದ್ದರೆ ಹೊಲಿಗೆಯ ಮೇಲೆ ದಿಂಬಿಟ್ಟುಕೊಂಡು ಅರ್ಧ ಒರಗಿ, ಹನಿ ಹಿಡಿಯುವ ಕೆಲಸವನ್ನು ಪಕ್ಕದಲ್ಲಿರುವವರಿಗೆ ಬಿಡಿ.

3. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ಮೂರು ನಿಮಿಷ ಎದೆಯ ಮೇಲಿಡಿ. ಅಂಗೈಯಿಂದ ತೊಟ್ಟಿನ ಕಡೆಗೆ ಹಗುರಾಗಿ ನೀವಿ. ಅಮ್ಮನೋ ಅಕ್ಕನೋ ಹಿಂದೆ ನಿಂತು ಬೆನ್ನುಹುರಿಯ ಎರಡೂ ಪಕ್ಕ, ಕುತ್ತಿಗೆಯಿಂದ ಹೆಗಲ ಮೂಳೆಯವರೆಗೆ, ಹೆಬ್ಬೆರಳಿನಿಂದ ಸಣ್ಣ ಸುತ್ತು ಸುತ್ತಾಗಿ ಎರಡು ಮೂರು ನಿಮಿಷ ತಿಕ್ಕಿದರೆ ಹಾಲು ಬೇಗ ಇಳಿಯುತ್ತದೆ. ನೋವು, ಚಳಿ, ಚಿಂತೆ ಮೂರೂ ಹಾಲನ್ನು ತಡೆಯುತ್ತವೆ. ಮಗುವಿನ ಫೋಟೊ ನೋಡುವುದು, ಅದು ಹೊದ್ದ ಬಟ್ಟೆಯ ವಾಸನೆ ಹಿಡಿಯುವುದು ನಿಜಕ್ಕೂ ಕೆಲಸ ಮಾಡುತ್ತದೆ.

4. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನ ಬುಡದಿಂದ 2–3 ಸೆಂ.ಮೀ. ಹಿಂದಕ್ಕೆ ಇರಲಿ. ಉಳಿದ ಬೆರಳುಗಳು ಎದೆಯನ್ನು ಎತ್ತಿ ಹಿಡಿಯಲಿ. ಮೊದಲು ಪಕ್ಕೆಲುಬಿನ ಕಡೆಗೆ ಒಳಕ್ಕೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಒಂದಕ್ಕೊಂದು ತಂದು ಅದುಮಿ, ಬಿಡಿ. ಒತ್ತು, ಅದುಮು, ಬಿಡು. ಬೆರಳು ಚರ್ಮದ ಮೇಲೆ ಜಾರಬಾರದು.

5. ಹರಿವು ನಿಧಾನವಾದಾಗ ಬೆರಳಿನ ಜಾಗ ಬದಲಿಸಿ: ಮೇಲೆ-ಕೆಳಗೆ ಇದ್ದದ್ದು ಅಕ್ಕಪಕ್ಕಕ್ಕೆ ಬರಲಿ. ಒಂದು ಕಡೆ 3–5 ನಿಮಿಷ, ನಂತರ ಇನ್ನೊಂದು ಕಡೆ, ಮತ್ತೆ ಮೊದಲಿನದು. ಒಟ್ಟು 20–30 ನಿಮಿಷ ಹಿಡಿಯುತ್ತದೆ.

ಮೊದಲ ಒಂದೆರಡು ನಿಮಿಷ ಏನೂ ಬಾರದಿದ್ದರೆ ನಿಲ್ಲಿಸಬೇಡಿ. ನೋವಾಗುತ್ತಿದ್ದರೆ ಬೆರಳು ಇಟ್ಟ ಜಾಗ ತಪ್ಪಿದೆ ಎಂದರ್ಥ. ಹೆಚ್ಚಿನವರು ತೊಟ್ಟನ್ನೇ ಹಿಡಿದು ಹಿಂಡುತ್ತಾರೆ. ತೊಟ್ಟಿನಲ್ಲಿ ಹಾಲು ಇರುವುದಿಲ್ಲ. ಅದನ್ನು ಅದುಮಿದರೆ ಹಾಲು ಬರುವ ದಾರಿಯೇ ಮುಚ್ಚುತ್ತದೆ, ಗಾಯವೂ ಆಗುತ್ತದೆ.

ಹನಿಗಳನ್ನು ಕುದಿಸಿದ ಸ್ಟೀಲ್ ಚಮಚಕ್ಕೆ ಬೀಳಿಸಿ, ಸೂಜಿ ಇಲ್ಲದ 1 ಅಥವಾ 2 ಮಿ.ಲೀ. ಸಿರಿಂಜಿನಿಂದ ಎಳೆದುಕೊಳ್ಳಿ. ತೊಟ್ಟಿನ ತುದಿಯಲ್ಲಿ ನಿಂತ ಹನಿಯನ್ನು ನೇರವಾಗಿಯೂ ಸಿರಿಂಜಿಗೆ ಎಳೆಯಬಹುದು. ಎನ್‌ಐಸಿಯುನಲ್ಲಿರುವ ಕೂಸಿಗೆ ಇನ್ನೂ ಹಾಲೂಡಿಸಲು ಶುರುಮಾಡಿರದಿದ್ದರೂ, ಕೆನ್ನೆಯ ಒಳಬದಿಗೆ ಒಂದೊಂದು ಕಡೆ 0.1 ಮಿ.ಲೀ. ಸವರಲು ಈ ಹಾಲನ್ನು ಕೇಳುತ್ತಾರೆ. ಆದ್ದರಿಂದ 0.5 ಮಿ.ಲೀ. ಸಿಕ್ಕರೂ ಚೆಲ್ಲದೆ ನರ್ಸ್ ಕೈಗೆ ಕೊಡಿ. ಮೊದಲ ಹಾಲು ಕೆಟ್ಟದ್ದು ಎಂದು ಹಿಂಡಿ ಚೆಲ್ಲಿ, ಬದಲಿಗೆ ಜೇನುತುಪ್ಪ ನೆಕ್ಕಿಸುವ ರೂಢಿ ಕೆಲವು ಮನೆಗಳಲ್ಲಿ ಈಗಲೂ ಇದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡುವಂತೆಯೇ ಇಲ್ಲ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಮಗುವಿನ ಕರುಳಿನಲ್ಲಿ ವಿಷ ಬಿಡುತ್ತದೆ.

ಎದೆ ಕಟ್ಟಿಕೊಂಡಾಗ

ಮೂರರಿಂದ ಐದನೇ ದಿನ ಎದೆ ಬಿಗಿದು, ತೊಟ್ಟು ಚಪ್ಪಟೆಯಾಗಿ, ಮಗುವಿಗೆ ಕಚ್ಚಲು ಹಿಡಿತ ಸಿಗುವುದಿಲ್ಲ. ಆಗ ಪೂರ್ತಿ ಖಾಲಿ ಮಾಡಲು ಹೋಗಬೇಡಿ. ತೊಟ್ಟಿನ ಸುತ್ತಲ ಕಪ್ಪು ಭಾಗವನ್ನು ಬೆರಳ ತುದಿಗಳಿಂದ ಒಂದು ನಿಮಿಷ ಒಳಕ್ಕೆ ಒತ್ತಿ ಹಿಡಿದರೆ ಊತ ಹಿಂದೆ ಸರಿದು ಆ ಭಾಗ ಮೆದುವಾಗುತ್ತದೆ. ಸ್ವಲ್ಪ ಹಿಂಡಿ ಮಗುವಿಗೆ ಕೊಡಿ. ಕುಡಿಸಿದ ಮೇಲೆ ತಣ್ಣೀರ ಪಟ್ಟಿ ಹಾಕಿ. ಪಂಪು ಹಾಕಿ ಹಾಕಿ ಬರಿದು ಮಾಡಿದರೆ ಇಷ್ಟು ಹಾಲು ಬೇಕಂತೆ ಎಂದು ದೇಹ ತಿಳಿದು ನಾಳೆ ಇನ್ನೂ ಹೆಚ್ಚು ತಯಾರಿಸುತ್ತದೆ. ಒಂದು ಕಡೆ ಕೆಂಪಾಗಿ, ಮುಟ್ಟಿದರೆ ನೋವಾಗಿ, ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ವೈದ್ಯರ ಬಳಿ ಹೋಗಿ. ಹಾಲೂಡಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಗಂಟಿರುವ ಕಡೆ ಜೋರಾಗಿ ತಿಕ್ಕಿಸಿಕೊಂಡರೆ ಊತ ಹೆಚ್ಚುತ್ತದೆ.

ಪಂಪು

ಔಷಧಿ ಅಂಗಡಿಯಲ್ಲಿ ಸಿಗುವ, ಹಳೇ ಸೈಕಲ್ ಹಾರ್ನಿನಂತಹ ರಬ್ಬರ್ ಬುಡ್ಡೆಯ ಪಂಪನ್ನು ಕೊಳ್ಳಬೇಡಿ. ಬುಡ್ಡೆಯೊಳಗೆ ಹೋದ ಹಾಲನ್ನು ತೊಳೆಯಲಾಗುವುದಿಲ್ಲ, ಎಳೆತದ ಮೇಲೂ ಹಿಡಿತವಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಹಿಂಡುವವರಿಗೆ ಕೈಪಂಪು ಸಾಕು. ದಿನಕ್ಕೆ 8 ಸಲ ಬೇಕಾದವರಿಗೆ ಎರಡೂ ಕಡೆ ಒಟ್ಟಿಗೆ ಎಳೆಯುವ ಎಲೆಕ್ಟ್ರಿಕ್ ಪಂಪು ಬೇಕು.

ಪಂಪಿನ ಬ್ರ್ಯಾಂಡಿಗಿಂತ ಮುಖ್ಯ, ಎದೆಗೆ ಕೂರುವ ಕಪ್ಪಿನ ಅಳತೆ. ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ 24 ಮಿ.ಮೀ. ಕಪ್ಪು ಬರುತ್ತದೆ, ಹಲವರಿಗೆ ಅದು ದೊಡ್ಡದು. ತೊಟ್ಟಿನ ಬುಡದ ಅಗಲವನ್ನು ಸ್ಕೇಲಿನಲ್ಲಿ ಅಳೆದು, ಅದಕ್ಕೆ ಹತ್ತಿರದ ಅಳತೆಯಿಂದ ಶುರುಮಾಡಿ. ಎಳೆಯುವಾಗ ತೊಟ್ಟು ಕೊಳವೆಯ ಗೋಡೆಗೆ ಉಜ್ಜದೆ ಹಿಂದೆ ಮುಂದೆ ಆಡಬೇಕು, ಸುತ್ತಲಿನ ಕಪ್ಪು ಭಾಗ ಜಾಸ್ತಿ ಒಳಗೆ ಸೇರಬಾರದು. ಪಂಪು ತೆಗೆದ ಮೇಲೆ ತೊಟ್ಟು ಬಿಳಿಚಿದ್ದರೆ, ಉಜ್ಜಿದ ಗುರುತಿದ್ದರೆ ಪಂಪಿನ ಕಪ್ ಸಣ್ಣದು.

ಮೊದಲ ಎರಡು ನಿಮಿಷ ವೇಗ ಹೆಚ್ಚು, ಎಳೆತ ಕಡಿಮೆ. ಹಾಲು ಚಿಮ್ಮಲು ಶುರುವಾದ ಮೇಲೆ ವೇಗ ಇಳಿಸಿ ಎಳೆತ ಏರಿಸಿ, ಆದರೆ ನೋವಾಗುವ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗೇ ನಿಲ್ಲಿಸಿ. ಹೆಚ್ಚು ಎಳೆದರೆ ಹೆಚ್ಚು ಹಾಲು ಎಂಬುದು ಸುಳ್ಳು. ಒಂದು ಸಲಕ್ಕೆ 15–20 ನಿಮಿಷ ಸಾಕು. ನಡುನಡುವೆ ಒಂದು ಕೈಯಿಂದ ಎದೆಯನ್ನು ಹಗುರಾಗಿ ಒತ್ತುತ್ತಿದ್ದರೆ ಬರುವ ಹಾಲೂ ಹೆಚ್ಚು, ಕೆನೆಯೂ ಹೆಚ್ಚು. ಚೆನ್ನಾಗಿ ನಡೆಯುತ್ತಿದ್ದ ಪಂಪು ಏಕಾಏಕಿ ಕಡಿಮೆ ಹಾಲು ಎಳೆಯತೊಡಗಿದರೆ ನಿಮ್ಮ ಹಾಲನ್ನು ಅನುಮಾನಿಸುವ ಮೊದಲು ಬಾತುಕೋಳಿ ಕೊಕ್ಕಿನಾಕಾರದ ಆ ಪುಟ್ಟ ಸಿಲಿಕಾನ್ ವಾಲ್ವ್ ನೋಡಿ. ಅದರ ಸೀಳು ಅಗಲವಾಗಿದ್ದರೆ ಗಾಳಿ ಸೋರುತ್ತದೆ. ದಿನವೂ ಬಳಸುವವರು ಒಂದೆರಡು ತಿಂಗಳಿಗೊಮ್ಮೆ ಅದನ್ನು ಬದಲಿಸಬೇಕಾಗುತ್ತದೆ.

ತೊಳೆಯುವುದು ಹೀಗೆ: ಹಾಲು ತಾಗಿದ ಭಾಗಗಳನ್ನೆಲ್ಲ ಬಿಡಿಸಿ ಮೊದಲು ತಣ್ಣೀರಿನಲ್ಲಿ ಜಾಲಿಸಿ. ನೇರ ಬಿಸಿನೀರು ಹಾಕಿದರೆ ಹಾಲಿನ ಪದರ ಅಂಟಿಕೊಳ್ಳುತ್ತದೆ. ನಂತರ ಸೋಪು, ಬಿಸಿನೀರು, ಇದಕ್ಕೇ ಮೀಸಲಾದ ಬ್ರಶ್ಶು ಮತ್ತು ಬೋಗುಣಿ. ಸಿಂಕಿನೊಳಗೆ ಹಾಕಿ ತೊಳೆಯಬೇಡಿ. ಎರಡು ತಿಂಗಳೊಳಗಿನ ಮಗುವಿದ್ದರೆ ದಿನಕ್ಕೊಮ್ಮೆಯಾದರೂ ಪೂರ್ತಿ ಮುಳುಗುವಷ್ಟು ನೀರಲ್ಲಿ, ನೀರು ಮರಳಿದ ಮೇಲೆ 5 ನಿಮಿಷ ಕುದಿಸಿ. ಬೋರ್‌ವೆಲ್ ನೀರಾದರೆ ವಾಲ್ವಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಕುದಿಸಲು ಫಿಲ್ಟರ್ ನೀರೇ ಒಳ್ಳೆಯದು. ಟವೆಲಿನಿಂದ ಒರೆಸದೆ ಗಾಳಿಗೆ ಒಣಗಿಸಿ. ಗಾಳಿಯ ಟ್ಯೂಬನ್ನು ಕುದಿಸುವುದು ಬೇಡ. ಪ್ರತಿ ಸಲ ತೊಳೆಯುವ ಬದಲು ಭಾಗಗಳನ್ನು ಹಾಗೇ ಫ್ರಿಜ್‌ನಲ್ಲಿಟ್ಟು ಮತ್ತೆ ಬಳಸುವ ಉಪಾಯ ಈಗ ಚಾಲ್ತಿಯಲ್ಲಿದೆ. ಎಳೆ ಕೂಸಿನ ವಿಷಯದಲ್ಲಿ ಆ ಸಾಹಸ ಬೇಡ.

ಎಷ್ಟು ಹೊತ್ತು ಇಡಬಹುದು

ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಹೊರಗೆ 25 ಡಿಗ್ರಿಯವರೆಗೆ 4 ಗಂಟೆ, ಫ್ರಿಜ್‌ನಲ್ಲಿ 4 ಡಿಗ್ರಿಗೆ 4 ದಿನ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 6 ತಿಂಗಳು. ಎನ್‌ಐಸಿಯುಗಳಲ್ಲಿ ಇದಕ್ಕಿಂತ ಬಿಗಿ, ಫ್ರಿಜ್‌ನ ಹಾಲನ್ನು ಒಂದೆರಡು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಅಲ್ಲಿ ಆಸ್ಪತ್ರೆ ಹೇಳಿದ್ದೇ ನಿಯಮ.

ಈ 25 ಡಿಗ್ರಿಯಲ್ಲೇ ನಮ್ಮವರಿಗೆ ತೊಡಕು. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿ 40 ಡಿಗ್ರಿ ದಾಟುತ್ತವೆ. ಬಾಣಂತಿ ಕೋಣೆ ಎಂದು ಕಿಟಕಿ ಮುಚ್ಚಿ ಕೆಂಡ ಇಟ್ಟರೆ ಮಲೆನಾಡಿನ ಮಳೆಗಾಲದಲ್ಲೂ ಒಳಗೆ 30ರ ಮೇಲಿರುತ್ತದೆ. ಹಾಗಿದ್ದಾಗ ಹಿಂಡಿದ ಕೂಡಲೇ ಫ್ರಿಜ್ ಸೇರಬೇಕು. ಫ್ರಿಜ್ ಇಲ್ಲವೆಂದರೆ ಎರಡು ಗಂಟೆಯೊಳಗೆ ಕುಡಿಸಿಬಿಡುವುದು ಕ್ಷೇಮ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯ ನೀರಿನಲ್ಲಿ ಮುಚ್ಚಿದ ಡಬ್ಬಿ ಇಟ್ಟರೆ ಬಯಲುಸೀಮೆಯ ಒಣ ಹವೆಗೆ ತಾಪ ಕೆಲವು ಡಿಗ್ರಿ ಇಳಿಯುತ್ತದೆ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ನೀರು ಆರುವುದೇ ಕಡಿಮೆ, ಅಲ್ಲಿ ಈ ಉಪಾಯ ನಡೆಯದು.

ಫ್ರಿಜ್‌ನ ಬಾಗಿಲಿನ ತಟ್ಟೆ ಹಾಲಿಡುವ ಜಾಗವಲ್ಲ. ಬಾಗಿಲು ತೆರೆದಾಗಲೆಲ್ಲ ಅಲ್ಲಿ ಬಿಸಿಗಾಳಿ ನುಗ್ಗುತ್ತದೆ. ಒಳಗಿನ ಹಲಗೆಯ ಹಿಂಬದಿಗೆ ತಳ್ಳಿಡಿ. ಮುಚ್ಚಳವಿರುವ ಡಬ್ಬಿಯಲ್ಲಿ, ನಿನ್ನೆಯ ಸಾರು ಮತ್ತು ಹಸಿ ಮೀನಿನಿಂದ ದೂರ ಇರಲಿ. ಒಂದೇ ಬಾಗಿಲಿನ ಫ್ರಿಜ್‌ನ ಒಳಗಿರುವ ಐಸ್ ಖಾನೆ ಮೈನಸ್ 18 ಮುಟ್ಟುವುದಿಲ್ಲ. ಅದರಲ್ಲಿಟ್ಟ ಹಾಲನ್ನು ಎರಡು ವಾರದೊಳಗೆ ಬಳಸಿ. ಅನುಮಾನವಿದ್ದರೆ ಐಸ್‌ಕ್ರೀಂ ಇಟ್ಟು ನೋಡಿ: ಚಮಚ ಇಳಿಯದಷ್ಟು ಗಟ್ಟಿಯಾಗಿ ನಿಂತರೆ ಖಾನೆ ಚೆನ್ನಾಗಿದೆ, ಮೆತ್ತಗಿದ್ದರೆ ದೀರ್ಘಕಾಲಕ್ಕೆ ನಂಬಬೇಡಿ. ಪ್ರತ್ಯೇಕ ಬಾಗಿಲಿನ ಫ್ರೀಜರ್ ಆದರೆ ತಿಂಗಳುಗಟ್ಟಲೆ ಇಡಬಹುದು.

ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಉಳಿಸುತ್ತದೆ. ಪ್ರತ್ಯೇಕ ಫ್ರೀಜರ್ ತುಂಬಿದ್ದರೆ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ. ಖಾಲಿ ಜಾಗಕ್ಕೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳನ್ನಿಟ್ಟು ಗಟ್ಟಿಯಾಗಿಸಿ. ಊರಿಗೆ ಹೋಗಿದ್ದಾಗ ಕರೆಂಟ್ ಹೋಗಿ ಬಂದಿತೋ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದು ನೋಡಿದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ, ಆ ಹಾಲು ಮಗುವಿಗಲ್ಲ. ಕರಗತೊಡಗಿದ ಹಾಲಿನಲ್ಲಿ ಇನ್ನೂ ಐಸ್ ಹರಳು ಕಾಣುತ್ತಿದ್ದರೆ ಮಾತ್ರ ಮರಳಿ ಫ್ರೀಜರ್‌ಗೆ ಇಡಬಹುದು.

ಪಾತ್ರೆ ಗಾಜಿನದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಅಥವಾ ಎದೆಹಾಲಿಗೆಂದೇ ಮಾಡಿದ ಚೀಲ ಆಗಬಹುದು. ಮಾಮೂಲಿ ಪ್ಲಾಸ್ಟಿಕ್ ಕವರ್ ಬೇಡ. ಎಳೆಗೂಸಿಗೆ 30 ಮಿ.ಲೀ., ತಿಂಗಳಾದ ಮೇಲೆ 60–90 ಮಿ.ಲೀ. ಲೆಕ್ಕದಲ್ಲಿ ತುಂಬಿ. ದೊಡ್ಡ ಚೀಲ ಕರಗಿಸಿ ಅರ್ಧ ಚೆಲ್ಲುವಾಗ ಆಗುವ ಸಂಕಟ ಹಿಂಡಿದವರಿಗೇ ಗೊತ್ತು. ಹೆಪ್ಪುಗಟ್ಟುವಾಗ ಹಿಗ್ಗುತ್ತದಾದ್ದರಿಂದ ಕಾಲು ಭಾಗ ಖಾಲಿ ಬಿಡಿ. ತುಂಬುವ ಮೊದಲೇ ದಿನಾಂಕ, ವೇಳೆ ಬರೆಯಿರಿ, ತುಂಬಿದ ಮೇಲೆ ಒದ್ದೆ ಚೀಲದ ಮೇಲೆ ಪೆನ್ನು ಓಡುವುದಿಲ್ಲ. ಈಗ ಹಿಂಡಿದ ಬೆಚ್ಚಗಿನ ಹಾಲನ್ನು ತಣ್ಣಗಿರುವುದಕ್ಕೆ ಸುರಿಯಬೇಡಿ. ಒಂದು ಗಂಟೆ ಫ್ರಿಜ್‌ನಲ್ಲಿಟ್ಟು ಎರಡೂ ತಣ್ಣಗಾದ ಮೇಲೆ ಸೇರಿಸಿ, ದಿನಾಂಕ ಹಳೆಯದರದ್ದೇ ಇರಲಿ.

ಕರಗಿಸಿ ಕುಡಿಸುವುದು

ಹಳೆಯ ದಿನಾಂಕದ್ದು ಮೊದಲು. ರಾತ್ರಿ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿಟ್ಟರೆ ಬೆಳಗ್ಗೆಗೆ ಕರಗಿರುತ್ತದೆ. ಪೂರ್ತಿ ಕರಗಿದ ಹೊತ್ತಿನಿಂದ 24 ಗಂಟೆ ಫ್ರಿಜ್‌ನಲ್ಲಿ, ಹೊರಗೆ ತೆಗೆದರೆ ಒಂದೆರಡು ಗಂಟೆ, ಅಷ್ಟೇ. ತುರ್ತಿದ್ದರೆ ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಡಬ್ಬಿ ನಿಲ್ಲಿಸಿ, ಮುಚ್ಚಳಕ್ಕೆ ನೀರು ತಾಗದಿರಲಿ.

"ಕಾಯಿಸದ ಹಾಲು ಮಗುವಿಗೆ ಕೊಡ್ತಾರಾ?" ಎಂದು ಅಜ್ಜಿಯಂದಿರು ಕೇಳುವುದು ಸಹಜ. ಹಸುವಿನ ಹಾಲಿನ ನಿಯಮ ಇದಕ್ಕೆ ಸಲ್ಲದು. ಒಲೆಯ ಮೇಲಿಟ್ಟರೆ ಸೋಂಕು ತಡೆಯುವ ಅಂಶಗಳು ನಾಶವಾಗುತ್ತವೆ. ಮೈಕ್ರೋವೇವ್‌ನಲ್ಲಂತೂ ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡುವಷ್ಟು ಕಾದಿರುತ್ತದೆ. ನಿಂತ ಹಾಲು ಎರಡು ಪದರವಾಗಿ ಕೆನೆ ಮೇಲೆ ತೇಲಿದರೆ ಕೆಟ್ಟಿಲ್ಲ, ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ನೀಲಿ ಛಾಯೆ, ಹಳದಿ ಛಾಯೆ ಎರಡೂ ಮಾಮೂಲಿ.

ಕರಗಿದ ಹಾಲು ಸೋಪಿನಂತೆ ವಾಸನೆ ಬಂದರೆ ಅದು ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದದ್ದು. ಕುಡಿಸಿದರೆ ತೊಂದರೆ ಇಲ್ಲ, ಮಗು ಮೂತಿ ತಿರುಗಿಸಿದರೆ ಮಾತ್ರ ಸಮಸ್ಯೆ. ಅಂಥವರು ಮುಂದಿನ ಸಲ ಹಿಂಡಿದ ಕೂಡಲೇ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ, ಅಂದರೆ ಸುಮಾರು 82 ಡಿಗ್ರಿಗೆ ಬಿಸಿಮಾಡಿ, ಉಕ್ಕುವ ಮೊದಲೇ ಇಳಿಸಿ ಐಸ್ ನೀರಿನಲ್ಲಿ ತಣಿಸಿ ಫ್ರೀಜರ್‌ಗೆ ಇಡಬಹುದು. ಇದರಿಂದ ರಕ್ಷಕ ಅಂಶ ಸ್ವಲ್ಪ ಕಳೆಯುತ್ತದೆ. ಆದ್ದರಿಂದ ರಾಶಿ ಹಾಲು ಕೂಡಿಡುವ ಮುಂಚೆ ಒಂದು ಚೀಲವನ್ನು ವಾರ ಇಟ್ಟು ಕರಗಿಸಿ ಮೂಸಿ ನೋಡಿ, ಬೇಕಿದ್ದರಷ್ಟೇ ಮಾಡಿ. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಎಳೆಗೂಸಿಗೆ ಬಾಟಲಿ ಬೇಡ. ರಬ್ಬರ್ ನಿಪ್ಪಲ್ಲಿಗೆ ಬಾಯಿ ಹೊಂದಿಕೊಂಡ ಮಗು ಆಮೇಲೆ ಎದೆ ಕಚ್ಚಲು ತಕರಾರು ಮಾಡಬಹುದು, ಮೂಲೆಗಳಲ್ಲಿ ಹಾಲು ಸಿಕ್ಕಿಕೊಂಡು ಸೋಂಕಿಗೂ ದಾರಿ. ಮೂತಿಯಿರುವ ಪುಟ್ಟ ಬಟ್ಟಲಾದ ನಮ್ಮ ಒಳಲೆಯೇ ಇದಕ್ಕೆ ಹೇಳಿಮಾಡಿಸಿದ್ದು. ಆಸ್ಪತ್ರೆಗಳಲ್ಲೂ ಅದನ್ನೇ ಪಾಲಡೈ ಎಂದು ಕೊಡುತ್ತಾರೆ. ಮಗು ಪೂರ್ತಿ ಎಚ್ಚರವಿರಲಿ. ತೊಡೆಯ ಮೇಲೆ ಅರ್ಧ ಕೂತಂತೆ ಹಿಡಿದು, ತಲೆ ಕತ್ತಿಗೆ ಆಸರೆ ಕೊಡಿ. ಒಳಲೆಯ ಮೂತಿಯನ್ನು ಕೆಳತುಟಿಯ ಮೇಲೆ, ಬಾಯಿಯ ಮೂಲೆಗೆ ತಾಗಿಸಿ ಸ್ವಲ್ಪವೇ ಬಾಗಿಸಿ. ಒಂದು ಗುಟುಕು ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಇನ್ನೊಂದು. ಅಳುವ ಬಾಯಿಗೆ, ನಿದ್ದೆ ಮಂಪರಿನ ಬಾಯಿಗೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮುಗಿದ ಮೇಲೆ ಹೆಗಲಿಗೆ ಹಾಕಿ ತೇಗಿಸಿ. ಮಗುವಿನ ಬಾಯಿ ತಾಗಿ ಉಳಿದದ್ದನ್ನು ಎರಡು ಗಂಟೆಯೊಳಗೆ ಬಳಸಿ, ಇಲ್ಲವೇ ಚೆಲ್ಲಿ. ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಡಬ್ಬಿಯ ಗೆರೆಗಿಂತ ಒದ್ದೆ ಬಟ್ಟೆಯೇ ಸಾಕ್ಷಿ: ಐದಾರನೇ ದಿನದ ಹೊತ್ತಿಗೆ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯಬೇಕು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಬೇಕು.

ಆಸ್ಪತ್ರೆಗೆ, ಕಚೇರಿಗೆ

ಹೆಪ್ಪುಗಟ್ಟಿದ ಜೆಲ್ ಪ್ಯಾಕ್‌ಗಳನ್ನು ಸುತ್ತಲೂ ಇಟ್ಟ ಶಾಖನಿರೋಧಕ ಚೀಲದಲ್ಲಿ ಹಾಲು 24 ಗಂಟೆ ಇರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿರುವ ಕೂಸಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಒಯ್ಯಲು ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕೂ ಆಗುತ್ತದೆ. ಮೊದಲು ಐಸ್ ನೀರು ತುಂಬಿ ಒಳಗೋಡೆ ತಣಿಸಿ, ಚೆಲ್ಲಿ, ಆಮೇಲೆ ಐಸ್ ನಡುವೆ ಡಬ್ಬಿ ಇಡಿ. ಲೇಬಲ್ಲಿನಲ್ಲಿ ತಾಯಿಯ ಹೆಸರು, ಮಗುವಿನ ಆಸ್ಪತ್ರೆ ಸಂಖ್ಯೆ, ಹಿಂಡಿದ ವೇಳೆ ಇರಲೇಬೇಕು. ತಾಯಿ ಯಾವುದೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕೊಡುವ ಮೊದಲು ನರ್ಸ್‌ಗೆ ಹೇಳಿ.

ಕೆಲಸಕ್ಕೆ ಹೋಗುವವರು ಫ್ರೀಜರ್ ತುಂಬ ಚೀಲ ಪೇರಿಸಬೇಕೆಂದಿಲ್ಲ. ಒಂದು ತಿಂಗಳಿಂದ ಆರು ತಿಂಗಳವರೆಗೆ ಮಗು ದಿನಕ್ಕೆ ಕುಡಿಯುವುದು ಸರಾಸರಿ 750–800 ಮಿ.ಲೀ., ಅಂದರೆ ಗಂಟೆಗೆ ಸುಮಾರು 30. ಒಂಬತ್ತು ಗಂಟೆ ದೂರವಿದ್ದರೆ 270–300 ಮಿ.ಲೀ. ಬೇಕು. ಮೂರ್ನಾಲ್ಕು ದಿನದಷ್ಟು ದಾಸ್ತಾನಿದ್ದು, ಕಚೇರಿಯಲ್ಲಿ ಮೂರು ಗಂಟೆಗೊಮ್ಮೆ ಹಿಂಡಿದರೆ ಇಂದಿನದು ನಾಳೆಗಾಗುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಲ್ಲಿ ಬಂದ ನಿಯಮದ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಶೌಚಾಲಯದಲ್ಲಿ ಕೂತು ಹಿಂಡಲು ಯಾರೂ ಒಪ್ಪಬೇಕಾಗಿಲ್ಲ. ಬೀಗವಿರುವ ಒಂದು ಕೋಣೆ, ಕುರ್ಚಿ, ಪ್ಲಗ್ ಪಾಯಿಂಟನ್ನು ರಜೆ ಮುಗಿಯುವ ಮೊದಲೇ ಎಚ್‌ಆರ್‌ಗೆ ಲಿಖಿತವಾಗಿ ಕೇಳಿಡಿ.

ಹಾಲು ಮಿಕ್ಕುತ್ತಿದ್ದರೆ ಮಾನವ ಹಾಲಿನ ಬ್ಯಾಂಕ್‌ಗೆ ಕೊಡಬಹುದು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಅಂಥದ್ದೊಂದಿದೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆಯ ವರದಿ ನೋಡಿ, ಹಾಲನ್ನು ಪಾಶ್ಚರೀಕರಿಸಿದ ಮೇಲೆಯೇ ಬೇರೆ ಕೂಸುಗಳಿಗೆ ಕೊಡುತ್ತಾರೆ. ಈ ಪರೀಕ್ಷೆಗಳಿಲ್ಲದೆ ವಾಟ್ಸಾಪ್ ಗುಂಪುಗಳಲ್ಲಿ ಪರಿಚಯವಾದವರಿಂದ ಹಾಲು ಪಡೆಯಬೇಡಿ, ಕೊಡಲೂಬೇಡಿ. ಮನೆಯಲ್ಲಿ ಕೂಡಿಟ್ಟದ್ದನ್ನು ಒಯ್ಯುವ ಮುಂಚೆ ಬ್ಯಾಂಕಿಗೆ ಫೋನ್ ಮಾಡಿ ವಿಚಾರಿಸಿ. ಅಲ್ಲೇ ಬಂದು ಹಿಂಡಿ ಕೊಡಬೇಕೆಂದು ಅವರು ಹೇಳಬಹುದು.